ಏರ್‌ಬೆಂಡರ್ ಸಿನಿಮಾ ಹಾಕುವ ಮುನ್ನ ಇಸವಿ ನೋಡಿಕೊಳ್ಳಿ

ಬೇಸಿಗೆ ರಜೆಯಲ್ಲಿ ಮಕ್ಕಳಿಗೆಂದು ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಹುಡುಕುವವರು ಒಂದು ವಿಷಯ ಗಮನಿಸಬೇಕು. ಹೆಚ್ಚುಕಡಿಮೆ ಇದೇ ಹೆಸರಿನಲ್ಲಿ 2005ರಿಂದ 2008ರವರೆಗೆ ಪ್ರಸಾರವಾದ 61 ಕಂತುಗಳ ಕಾರ್ಟೂನ್, 2010ರ ಸಿನಿಮಾ ಹಾಗೂ 2024ರಲ್ಲಿ ಆರಂಭವಾದ, ನಟರೇ ಅಭಿನಯಿಸಿದ ಸರಣಿ, ಮೂರೂ ಇವೆ. ಕಾರ್ಟೂನನ್ನು ಹಚ್ಚಿಕೊಂಡ ಮಕ್ಕಳಿಗೆ 2010ರದ್ದನ್ನು ಮಾತ್ರ ದಯವಿಟ್ಟು ತೋರಿಸಬೇಡಿ.

ರಾಯಚೂರಿನ ಮೇ ತಿಂಗಳ ಬಿಸಿಲಿಗೆ ಮಕ್ಕಳನ್ನು ಹೊರಗೆ ಬಿಡುವ ಮಾತೇ ಇಲ್ಲವಾದ್ದರಿಂದ, ಕಾರ್ಟೂನಿನ ಕಂತುಗಳನ್ನೆಲ್ಲ ಮುಗಿಸಿ ಇನ್ನೂ ಬೇಕೆಂದು ಹಠ ಹಿಡಿದಿದ್ದ ಅಣ್ಣನ ಮಗನಿಗಾಗಿ ದುಡ್ಡು ಕೊಟ್ಟು ಈ ಸಿನಿಮಾ ಹಾಕಿದೆವು. ಕಾರ್ಟೂನಿನಲ್ಲಿ, ಮಣ್ಣು ಕಲ್ಲುಗಳನ್ನು ಮುಟ್ಟದೆಯೇ ಆಡಿಸಬಲ್ಲ ಕೈದಿಗಳನ್ನು ಶತ್ರುಗಳು ಸಮುದ್ರದ ನಡುವೆ ಲೋಹದ ಕಟ್ಟಡದಲ್ಲಿ ಕೂಡಿಹಾಕಿರುತ್ತಾರೆ. ಹಿಡಿ ಮಣ್ಣೂ ಸಿಗದ ಆ ಜಾಗದಲ್ಲಿ ಕೊನೆಗೆ ಕಲ್ಲಿದ್ದಲೇ ಅವರ ಆಯುಧವಾಗುತ್ತದೆ. ಸಿನಿಮಾದಲ್ಲಾದರೋ ಅವರ ಸೆರೆಮನೆ ಇರುವುದೇ ಬಯಲು ನೆಲದ ಮೇಲೆ.

“ಕಾಕಾ, ಸುತ್ತಲೂ ಮಣ್ಣೇ ಐತಲ್ಲ, ಇವರ್ಯಾಕ ಸುಮ್ನ ಕುಂತಾರ?” ಎಂದು ಹುಡುಗ ಕೇಳಿದ. ಅದಕ್ಕೆ ಸಿನಿಮಾ ಮಾಡಿದವರೇ ಉತ್ತರ ಕೊಡಬೇಕು. ಮುಂದೆ ಹಲವರು ಒಟ್ಟಾಗಿ ಕಾಲು ಅಪ್ಪಳಿಸಿ, ಕೈ ಬೀಸಿ, ಕುಣಿದಾದ ಮೇಲೆ ಒಂದೇ ಒಂದು ಕಲ್ಲು ನಿಧಾನವಾಗಿ ತೇಲಿ ಬಂತು. ಕಣ್ಣು ಕಾಣದ ಟಾಫ್ ಎಂಬ ಹುಡುಗಿ ಒಬ್ಬಳೇ ಬಂಡೆಗಳನ್ನು ಎಸೆಯುವುದನ್ನು ನೋಡಿ ಬೆಳೆದವನಿಗೆ ಇದು ಹೇಗೆ ರುಚಿಸೀತು? ಎದ್ದು ನೀರು ಕುಡಿಯಲು ಹೋದವನು ಮತ್ತೆ ಟಿವಿಯ ಮುಂದೆ ಕೂರಲಿಲ್ಲ.

ಕಾರಣ ಗೂಢವೇನಲ್ಲ. ಮೊದಲ ಸೀಸನ್ನಿನ 20 ಕಂತುಗಳ, ಏಳು ತಾಸಿಗೂ ಮಿಕ್ಕಿದ ಕಥೆಯನ್ನು 103 ನಿಮಿಷಕ್ಕೆ ತುರುಕಿದ್ದಾರೆ. ಹೀಗಾಗಿ ಪಾತ್ರಗಳು ಬದುಕಿ ತೋರಿಸಬೇಕಾದದ್ದನ್ನೆಲ್ಲ ಹಿನ್ನೆಲೆಯ ದನಿಯೊಂದು ವರದಿ ಒಪ್ಪಿಸುತ್ತದೆ. ಕಥಾನಾಯಕನ ಗೆಳೆಯ ಸೊಕ್ಕಾನ ತಮಾಷೆಯಂತೂ ಪೂರ್ತಿ ಮಾಯ. ಬೆಂಕಿ ಆಡಿಸುವವರಲ್ಲಿ ಹೆಚ್ಚಿನವರು ಇಲ್ಲಿ ತಾವೇ ಬೆಂಕಿ ಹುಟ್ಟಿಸಲಾರರು, ಪಕ್ಕದಲ್ಲಿ ಉರಿಯುವ ದೀವಟಿಗೆ ಇರಲೇಬೇಕು. ಆ ವರ್ಷದ ಅತಿ ಕೆಟ್ಟ ಚಿತ್ರವೆಂಬ ರ‍್ಯಾಜಿ ‘ಪ್ರಶಸ್ತಿ’ ಇದಕ್ಕೆ ಸಿಕ್ಕದ್ದು ನಮಗಂತೂ ಅನ್ಯಾಯವೆನಿಸಲಿಲ್ಲ.

ಜಪಾನಿನ ಕಾರ್ಟೂನ್ ಡ್ರ್ಯಾಗನ್ ಬಾಲ್ ನೋಡಿ ಬೆಳೆದ ನನ್ನ ವಯಸ್ಸಿನವರಿಗೂ ಇದೇ ಮಾತು: ಅದರ ನಾಯಕ ಗೋಕುವನ್ನು ಅಮೆರಿಕದ ಹೈಸ್ಕೂಲ್ ಹುಡುಗನನ್ನಾಗಿಸಿದ 2009ರ ಸಿನಿಮಾಕ್ಕಾಗಿ ಅದರ ಚಿತ್ರಕಥೆಗಾರರೇ 2016ರಲ್ಲಿ ಅಭಿಮಾನಿಗಳ ಕ್ಷಮೆ ಕೇಳಿದ್ದಾರೆ.

ಇಷ್ಟು ಹೇಳಿದ ಮೇಲೂ ಮಕ್ಕಳು ಏರ್‌ಬೆಂಡರ್ ಸಿನಿಮಾವೇ ಬೇಕೆಂದರೆ, ಅದು ಕಥೆಯ ಮೊದಲ ಭಾಗಕ್ಕೇ ನಿಲ್ಲುತ್ತದೆಂದು ಮುಂಚೆಯೇ ತಿಳಿಸಿಬಿಡಿ. ಮುಂದಿನ ಭಾಗಗಳನ್ನು ಯಾರೂ ತೆಗೆಯಲೇ ಇಲ್ಲ.