ರೋಗಿಯ ಪಾತ್ರಕ್ಕೆ ಗೆಳೆಯನೋ, ತರಬೇತಿ ಪಡೆದ ನಟನೋ?

2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮಕ್ಕೆ ‘ಏಟ್‌ಕಾಮ್’ (ಮನೋಭಾವ, ನೀತಿ, ಸಂವಹನ ಕಲಿಸುವ ಭಾಗ) ಬಂದ ಮೇಲೆ ರೋಗಿಯೊಡನೆ ಮಾತನಾಡುವುದೂ ಕಲಿಯಬೇಕಾದ ವಿದ್ಯೆಯಾಯಿತು. ಅದನ್ನು ಕಲಿಯುವ ಒಂದು ದಾರಿ, ಒಬ್ಬರು ವೈದ್ಯ, ಇನ್ನೊಬ್ಬರು ರೋಗಿಯಾಗುವ ಪಾತ್ರಾಭಿನಯ. ಅದೆಂದರೆ ಅನೇಕ ವಿದ್ಯಾರ್ಥಿಗಳಿಗೆ ಮೊದಲು ಮುಜುಗರವೇ.

ಸಹಪಾಠಿಯೇ ರೋಗಿಯಾದರೆ ಖರ್ಚಿಲ್ಲ, ಆದರೆ ಆರಂಭವೆಲ್ಲ ನಗುವಿನಲ್ಲೇ ಹೋಗುತ್ತದೆ. ‘ಸಕ್ಕರೆ ಕಾಯಿಲೆಗೆ ನನ್ನ ಕಾಲು ತೆಗೆಯುತ್ತೀರಾ ಡಾಕ್ಟರೇ?’ ಎಂದು ಗೆಳೆಯ ತಗ್ಗಿದ ದನಿಯಲ್ಲಿ ಕೇಳಿದಾಗ ಮಾತ್ರ ಕೋಣೆ ಸ್ತಬ್ಧ. ನನ್ನ ಪ್ರಕಾರ ಹೆಚ್ಚು ಕಲಿಯುವವನು ರೋಗಿಯ ಕುರ್ಚಿಯಲ್ಲಿ ಕುಳಿತವನೇ.

ನಟರನ್ನು ಬಳಸುವ ಪದ್ಧತಿಯನ್ನು 1963ರಲ್ಲಿ ಆರಂಭಿಸಿದವರು ಅಮೆರಿಕದ ವೈದ್ಯ ಹೊವಾರ್ಡ್ ಬ್ಯಾರೋಸ್. ತರಬೇತಿ ಪಡೆದ ನಟರು ಹತ್ತು ವಿದ್ಯಾರ್ಥಿಗಳ ಮುಂದೆ ಒಂದೇ ಅಳುವನ್ನು ಒಂದೇ ಬಗೆಯಲ್ಲಿ ಅಳಬಲ್ಲರು. ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ದುಡ್ಡು ಬೇಕು, ಅಷ್ಟೇ.

ಸಂಕೋಚದವರು ಗೆಳೆಯನಿಂದಲೇ ಶುರುಮಾಡಲಿ. ಸಾವಿನ ಸುದ್ದಿ ತಿಳಿಸುವ ಅಭ್ಯಾಸಕ್ಕೆ ಮಾತ್ರ ಅಪರಿಚಿತ ಮುಖವೇ ಬೇಕು. ಗೆಳೆಯನ ಕಣ್ಣಲ್ಲಿ ತುಂಟತನ ಇಣುಕಿದರೆ ಕಥೆ ಮುಗಿಯಿತು.