8ಎನ್ ಅಂತ ಮಾರುವ ಹಳೇ ಫೋರ್ಡ್ ಟ್ರಾಕ್ಟರ್: ಬಣ್ಣ ನೋಡಿ ದುಡ್ಡು ಕೊಡಬೇಡಿ

ಅಮೆರಿಕದಲ್ಲಿ ನಾಲ್ಕೈದು ಎಕರೆ ಜಾಗ ಕೊಂಡು, ಶನಿವಾರ ಭಾನುವಾರ ಮಣ್ಣಲ್ಲಿ ಕೈಯಾಡಿಸುವ ಕನ್ನಡದವರಿಗೆ ಈ ಬರಹ. ಹೊಸ ಟ್ರಾಕ್ಟರ್ ರೇಟು ಕೇಳಿ ತಲೆ ತಿರುಗಿದ ಮೇಲೆ ಕಣ್ಣು ಹೋಗುವುದು ಹಳೇ ಫೋರ್ಡ್ ಕಡೆಗೇ, ಅದರಲ್ಲೂ 8ಎನ್ ಅನ್ನುವ ಮಾದರಿಯ ಕಡೆಗೆ. ಬೂದು ಬಾನೆಟ್, ಕೆಂಪು ಹೊಟ್ಟೆ, ಚಿಕ್ಕ ಮೈ. ಎಪ್ಪತ್ತು ವರ್ಷ ದಾಟಿದ ಗಾಡಿಗೆ ಇವತ್ತಿಗೂ ಬಿಡಿಭಾಗ ಸಿಗುತ್ತವೆ. ನಾನೂ ಹಾಗೇ ಒಂದನ್ನು ತಂದೆ. ಅದು ಬೇಲಿ ಮುರಿದುಕೊಂಡು ಹೊಂಡದ ದಡದಲ್ಲಿ ಹೋಗಿ ನಿಂತಿತು. ನನಗೆ ಏನೂ ಆಗಲಿಲ್ಲ. ಆಗಬಹುದಿತ್ತು.

ಮಾರಿದವನು ಇಲ್ಲೇ ಉತ್ತರ ಕ್ಯಾರೊಲೈನಾದ ಒಬ್ಬ ಡೀಲರ್. ಹಳೇ ಟ್ರಾಕ್ಟರ್ ಬಿಚ್ಚಿ, ಬಣ್ಣ ಹೊಡೆದು ಮಾರುವುದೇ ಅವನ ಕೆಲಸ. ಜಾಹೀರಾತಿನಲ್ಲಿ '1951ರ ಫೋರ್ಡ್ 8ಎನ್, ಪೂರ್ತಿ ರಿಸ್ಟೋರ್ ಮಾಡಿದ್ದು' ಅಂತ ಇತ್ತು. ನಾನು ನಂಬರ್ ತೋರಿಸು ಅಂದೆ. ಎಂಜಿನ್ ಬ್ಲಾಕಿನ ಎಡಗಡೆ, ಆಯಿಲ್ ಫಿಲ್ಟರ್ ಹಿಂದೆ ಬಟ್ಟೆಯಿಂದ ಒರೆಸಿ ತೋರಿಸಿದ. '8ಎನ್' ಅಂತಲೇ ಶುರುವಾಗುತ್ತಿತ್ತು. ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಕೂಡ ಎಂಜಿನ್ನಿನ ಪಕ್ಕದಲ್ಲಿತ್ತು. 8ಎನ್‌ನಲ್ಲಿ ಅದು 1950ರಲ್ಲಿ ಮುಂಭಾಗದಿಂದ ಪಕ್ಕಕ್ಕೆ ಬಂತು. ಹಾಗಾಗಿ ಇಸವಿಯೂ ಸರಿಯಾಗೇ ಕಂಡಿತು.

ಆಟ ಇರುವುದೇ ಇಲ್ಲಿ. ಈ ಗಾಡಿಗಳಲ್ಲಿ ಫೋರ್ಡ್ ನಂಬರ್ ಹೊಡೆದಿರುವುದು ಎಂಜಿನ್ ಬ್ಲಾಕ್ ಮೇಲೆ ಮಾತ್ರ. ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಎರಡಕ್ಕೂ ಆ ಗುರುತಿಲ್ಲ. ಒಂದರ ಎಂಜಿನ್ ಬಿಚ್ಚಿ ಇನ್ನೊಂದಕ್ಕೆ ಕೂರಿಸಿದರೆ ನಂಬರ್ ಪ್ರಕಾರ ಹುಟ್ಟಿದ ವರ್ಷವೇ ಬದಲಾಗುತ್ತದೆ. ನನ್ನದರ ಎಂಜಿನ್ 8ಎನ್. ಅದರಿಂದ ಹಿಂದಕ್ಕೆ ಎಲ್ಲ 2ಎನ್, ಅಂದರೆ 8ಎನ್‌ಗಿಂತ ಹಳೇ ಮಾದರಿ. ಬಾನೆಟ್ ಮತ್ತೆ ಇನ್ನೆಲ್ಲಿಯದೋ. ಇಂಥ ಬೆರಕೆ ಗಾಡಿಗಳು ಇಲ್ಲಿ ಬೇಕಾದಷ್ಟಿವೆ. ಬೆರಕೆ ಅಂತ ಹೇಳಿ ಮಾರಿದರೆ ತಪ್ಪೇನಿಲ್ಲ.

'ಎನ್ ಎಲ್ಲ ಒಂದೇ, ಹೆಸರು ಮಾತ್ರ ಬೇರೆ' ಅಂತ ಡೀಲರ್ ಆಮೇಲೆ ಹೇಳಿದ. ಒಂದೇ ಅಲ್ಲ. 1938ರಲ್ಲಿ ಹೆನ್ರಿ ಫೋರ್ಡ್ ಮತ್ತು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಬರೀ ಕೈ ಕುಲುಕಿ ಒಪ್ಪಂದ ಮಾಡಿಕೊಂಡರು. ಕಾಗದ ಪತ್ರ ಇಲ್ಲ. ಫರ್ಗ್ಯುಸನ್‌ನ ತ್ರೀ ಪಾಯಿಂಟ್ ಲಿಂಕೇಜ್ (ಹಿಂದೆ ಸಲಕರಣೆಯನ್ನು ಮೂರು ಕಡೆ ಕಟ್ಟುವ ಜೋಡಣೆ), ಅದನ್ನು ಎತ್ತುವ ಹೈಡ್ರಾಲಿಕ್ಸ್, ಫೋರ್ಡ್‌ನ ಕಾರ್ಖಾನೆ. ಹಾಗೆ 1939ರಲ್ಲಿ 9ಎನ್ ಬಂತು, ಬೆಲೆ 585 ಡಾಲರ್. 1942ರಲ್ಲಿ ಬಂದಿದ್ದು 2ಎನ್. ಯುದ್ಧದ ಕಾಲ, ರಬ್ಬರ್ ಇಲ್ಲ, ತಾಮ್ರ ಇಲ್ಲ. ಮೊದಮೊದಲು ಬಂದವಕ್ಕೆ ಕಬ್ಬಿಣದ ಚಕ್ರ, ಬ್ಯಾಟರಿ ಬದಲು ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ. ಟೈರು, ಸ್ಟಾರ್ಟರ್ ವಾಪಸ್ ಬಂದ ಮೇಲೆ ಅದು ಹೆಚ್ಚುಕಮ್ಮಿ 9ಎನ್ನೇ. ನಂಬರ್ ಕೂಡ '9ಎನ್' ಅಂತಲೇ ಮುಂದುವರಿಯಿತು. ಯಾರಾದರೂ '2ಎನ್' ಅಂತ ಶುರುವಾಗುವ ನಂಬರ್ ತೋರಿಸಿದರೆ ಅಲ್ಲಿಂದಲೇ ವಾಪಸ್ ಬನ್ನಿ.

1947ರಲ್ಲಿ ಫೋರ್ಡ್ ಕಂಪನಿ ಫರ್ಗ್ಯುಸನ್‌ನನ್ನು ಬಿಟ್ಟು ತಾನೇ 8ಎನ್ ತಂದಿತು. ಫರ್ಗ್ಯುಸನ್ ಕೋರ್ಟಿಗೆ ಹೋದ. ಕೇಳಿದ್ದು 25 ಕೋಟಿ ಡಾಲರಿಗೂ ಜಾಸ್ತಿ. 1952ರಲ್ಲಿ 92.5 ಲಕ್ಷಕ್ಕೆ ರಾಜಿಯಾಯಿತು. 8ಎನ್ ಒಟ್ಟು ಐದು ಲಕ್ಷಕ್ಕಿಂತ ಜಾಸ್ತಿ ತಯಾರಾಯಿತು. ಇವತ್ತಿಗೂ ಜನ ಮೇಲೆ ಬಿದ್ದು ಕೊಳ್ಳುವುದು ಅದನ್ನೇ, ಮತ್ತು ಅದಕ್ಕೆ ಕಾರಣ ಇದೆ. ಮೂರು ಗೇರಿನ ಜಾಗದಲ್ಲಿ ನಾಲ್ಕು. ಹೈಡ್ರಾಲಿಕ್‌ಗೆ ಪೊಸಿಷನ್ ಕಂಟ್ರೋಲ್, ಅಂದರೆ ಹಿಂದೆ ಕಟ್ಟಿದ್ದನ್ನು ಬೇಕಾದ ಎತ್ತರಕ್ಕೆ ನಿಲ್ಲಿಸಬಹುದು. 9ಎನ್, 2ಎನ್‌ಗಳಲ್ಲಿ ಇರುವುದು ಡ್ರಾಫ್ಟ್ ಕಂಟ್ರೋಲ್ ಒಂದೇ, ಅಂದರೆ ಎಳೆತದ ಭಾರ ನೋಡಿ ತಾನಾಗೇ ಏರಿಳಿಸುವ ವ್ಯವಸ್ಥೆ. ನೇಗಿಲು ಮಣ್ಣಿನಲ್ಲಿ ಎಳೆಯುವಾಗ ಅದು ಬಲು ಚೆನ್ನ. ಹುಲ್ಲು ಕತ್ತರಿಸುವ ಯಂತ್ರ ಕಟ್ಟಿದರೆ ಒಂದೋ ಪೂರ್ತಿ ಮೇಲೆ, ಇಲ್ಲ ಪೂರ್ತಿ ಕೆಳಗೆ. ಎತ್ತರ ಹಿಡಿಸಲು ಚೈನು ಕಟ್ಟಬೇಕು.

ಇನ್ನೊಂದು ಬದಲಾವಣೆ ಬ್ರೇಕಿನದು. ನನ್ನ ಬೇಲಿ ಮುರಿಯಲು ಅರ್ಧ ಕಾರಣ ಅದೇ.

ಮೇ ತಿಂಗಳಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಹಿಂದೆ ರೋಟರಿ ಕಟ್ಟರ್ ಕಟ್ಟಿದ್ದೆ. ಅದರೊಳಗೆ ಭಾರದ ಬ್ಲೇಡುಗಳು ಗಿರಗಿರ ತಿರುಗುತ್ತವೆ. ಹೊಂಡದ ಕಡೆ ಸ್ವಲ್ಪ ಇಳಿಜಾರು. ಬೇಲಿ ಹತ್ತಿರ ಬಂತು ಅಂತ ಕ್ಲಚ್ ಒತ್ತಿದೆ. ಎಂಜಿನ್ ಸದ್ದು ಹಗುರಾಯಿತು, ಅಂದರೆ ಕ್ಲಚ್ ಬಿಟ್ಟಿದೆ. ಟ್ರಾಕ್ಟರ್ ಮಾತ್ರ ನಿಲ್ಲಲಿಲ್ಲ. ಯಾರೋ ಹಿಂದಿನಿಂದ ದಬ್ಬುತ್ತಿರುವ ಹಾಗೆ ಅದೇ ವೇಗದಲ್ಲಿ ಹೋಗುತ್ತಲೇ ಇತ್ತು. ಬಲಗಾಲಲ್ಲಿ ಬ್ರೇಕ್ ತುಳಿದೆ. ಬಲಚಕ್ರ ಮಾತ್ರ ಹಿಡಿಯಿತು, ಮೂತಿ ಬಲಕ್ಕೆ ತಿರುಗಿತು, ತಳ್ಳುವ ಬಲವೆಲ್ಲ ಎಡಚಕ್ರಕ್ಕೆ ಹೋಯಿತು. ಎಡಚಕ್ರದ ಬ್ರೇಕ್ ಎಲ್ಲಿದೆ? ಎಡಗಡೆ, ಕ್ಲಚ್ ಪಕ್ಕದಲ್ಲಿ. ಅಲ್ಲಿರುವುದು ಒಂದೇ ಕಾಲು, ಅದು ಆಗಲೇ ಕ್ಲಚ್ ಮೇಲಿದೆ. ಎರಡು ಕಂಬ, ಮೂರು ಸಾಲು ತಂತಿ ಎಳೆದುಕೊಂಡು ಹೋದ ಮೇಲೆ ಬ್ಲೇಡುಗಳ ಜೋರು ಕಮ್ಮಿಯಾಯಿತು. ಗಾಡಿ ತಾನಾಗೇ ನಿಂತಿತು.

8ಎನ್‌ನಲ್ಲಿ ಎರಡು ಬ್ರೇಕ್ ಪೆಡಲೂ ಬಲಗಡೆ ಇರುತ್ತವೆ. ಎಡಗಾಲು ಕ್ಲಚ್ಚಿಗೆ, ಬಲಗಾಲು ಎರಡೂ ಬ್ರೇಕಿಗೆ. ವಿಡಿಯೋ ಕಾಲ್‌ನಲ್ಲಿ ಗಾಡಿ ತೋರಿಸಿದಾಗ ಹಾಸನದಲ್ಲಿರುವ ಅಪ್ಪ ಮೊದಲು ಕೇಳಿದ್ದೇ ಅದನ್ನು.

"ಅದೇನ್ಲಾ, ಬ್ರೇಕು ಆ ಕಡೆಗೊಂದು ಈ ಕಡೆಗೊಂದು ಮಡಗವ್ರೆ? ನಮ್ ಮ್ಯಾಸಿಲಿ ಎರಡೂ ಬಲಗಡೀಕೇ ಅಲ್ವಾ?"

"ಹೂಂ ಕಣಪ್ಪ. ಇದು ಅದಕ್ಕಿಂತ ಹಳೇದು."

"ಹಳೇದಾದ್ರೆ ಅದಕ್ಕೆ ಬೀಳೋ ದುಡ್ಡು ಕೊಡಬೇಕಪ್ಪ."

ಅಂದಹಾಗೆ ಅಪ್ಪನ ಮ್ಯಾಸಿಗೂ ಇದಕ್ಕೂ ನೆಂಟಸ್ತನ ಇದೆ. ಫೋರ್ಡ್ ಜೊತೆ ಜಗಳವಾಡಿದ ಅದೇ ಫರ್ಗ್ಯುಸನ್ 1953ರಲ್ಲಿ ಮ್ಯಾಸಿ ಹ್ಯಾರಿಸ್ ಕಂಪನಿ ಜೊತೆ ಸೇರಿದ. ಮ್ಯಾಸಿ ಫರ್ಗ್ಯುಸನ್ ಅನ್ನುವ ಹೆಸರು ಹುಟ್ಟಿದ್ದು ಹಾಗೆ.

ಉಳಿದರ್ಧ ಕಾರಣ ಪಿಟಿಓ (ಪವರ್ ಟೇಕ್ ಆಫ್), ಅಂದರೆ ಹಿಂದೆ ಕಟ್ಟಿದ ಯಂತ್ರವನ್ನು ಎಂಜಿನ್ ಬಲದಿಂದ ತಿರುಗಿಸುವ ಶಾಫ್ಟ್. ಇದು ನಿಜವಾದ 8ಎನ್‌ನಲ್ಲೂ ಇದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಈ ಮೂರು ಮಾದರಿಗಳಲ್ಲೂ ಪಿಟಿಓ ಶಾಫ್ಟ್ ಮತ್ತು ಚಕ್ರ ಎರಡಕ್ಕೂ ಶಕ್ತಿ ಹೋಗುವುದು ಒಂದೇ ಗೇರ್ ಬಾಕ್ಸಿನಿಂದ, ಒಂದೇ ಕ್ಲಚ್ಚಿನ ಹಿಂದಿನಿಂದ. ಕ್ಲಚ್ ಒತ್ತಿದರೆ ಎಂಜಿನ್ ಮಾತ್ರ ಬೇರೆಯಾಗುತ್ತದೆ. ತಿರುಗುತ್ತಿರುವ ಬ್ಲೇಡು ಶಾಫ್ಟನ್ನು ತಿರುಗಿಸುತ್ತದೆ, ಶಾಫ್ಟ್ ಗೇರನ್ನು, ಗೇರು ಚಕ್ರವನ್ನು. ಕಟ್ಟರ್ರೇ ಗಾಡಿ ಓಡಿಸುತ್ತದೆ. ಇದಕ್ಕೆ ಮದ್ದು ಓವರ್ ರನ್ನಿಂಗ್ ಕಪ್ಲರ್ ಅನ್ನುವ ಮುಷ್ಟಿಗಾತ್ರದ ಒಂದು ಭಾಗ. ಸೈಕಲ್ ಫ್ರೀವೀಲ್ ಇದ್ದಂಗೆ, ಒಂದು ದಿಕ್ಕಿಗೆ ಮಾತ್ರ ಹಿಡಿಯುತ್ತದೆ. ನೂರು ಡಾಲರ್ ಆಸುಪಾಸಿನಲ್ಲಿ ಸಿಗುತ್ತದೆ. ಕೊಳ್ಳುವಾಗ ಅಳತೆ ನೋಡಿ: ಈ ಗಾಡಿಗಳ ಪಿಟಿಓ ಶಾಫ್ಟ್ ಒಂದೂಕಾಲು ಇಂಚಿಗಿಂತ ಸಣ್ಣ, 1 1/8 ಇಂಚು. ಈಗಿನ ಯಂತ್ರಗಳದ್ದು 1 3/8. ಎರಡನ್ನೂ ಕೂಡಿಸುವ ಕಪ್ಲರ್ ಕೇಳಿ ತಗೊಳ್ಳಿ. ಬರೀ ಅಳತೆ ಕೂಡಿಸುವ ಅಡಾಪ್ಟರ್ ಬೇರೆ, ನೋಡಲು ಹೆಚ್ಚುಕಮ್ಮಿ ಒಂದೇ ತರ. ನನ್ನ ಗಾಡಿಗೆ ಡೀಲರ್ ಹಾಕಿಕೊಟ್ಟಿದ್ದು ಆ ಬರೀ ಅಡಾಪ್ಟರ್. ಹುಲ್ಲು ಕತ್ತರಿಸಲಿಕ್ಕೇ ತಗೊಳ್ಳುತ್ತಿದ್ದೇನೆ ಅಂತ ಹೇಳಿದ್ದೆ, ಕಟ್ಟರ್ ಕೂಡ ಅವನ ಹತ್ತಿರವೇ ಕೊಂಡಿದ್ದೆ. ಈ ಮಾತು ಬರೆಯುವಾಗಲೂ ಸಿಟ್ಟು ಬರುತ್ತದೆ.

ಅವನಿಗೆ ಫೋನ್ ಮಾಡಿದರೆ ರಸೀದಿಯಲ್ಲಿ 'ಆಸ್ ಈಸ್' (ಇದ್ದ ಹಾಗೇ ಮಾರಿದ್ದು, ಆಮೇಲೆ ಹೊಣೆ ಇಲ್ಲ) ಅಂತ ಬರೆದಿದೆ ನೋಡಿಕೊಳ್ಳಿ ಅಂದ. ಬರೆದಿದೆ, ನಿಜ. ಮೇಲಿನ ಸಾಲಲ್ಲಿ '1951 8ಎನ್' ಅಂತಲೂ ಅವನೇ ಬರೆದಿದ್ದಾನೆ. ಅದರ ಬಗ್ಗೆ ಮಾತಿಲ್ಲ. ಗೇರು ಮೂರೇ ಇದೆಯಲ್ಲ ಅಂದಿದ್ದಕ್ಕೆ, ಇದರಲ್ಲಿ ಶೆರ್ಮನ್ ಇದೆ, ಇನ್ನೂ ಜಾಸ್ತಿ ಗೇರು ಸಿಕ್ಕಿದ ಹಾಗಾಯಿತು ಅಂತ ನನಗೇ ಪಾಠ. ಶೆರ್ಮನ್ ಅನ್ನುವುದು ಆ ಕಾಲದಲ್ಲಿ ಹೊರಗಿನಿಂದ ಕೂರಿಸುತ್ತಿದ್ದ ಹೆಚ್ಚುವರಿ ಗೇರ್ ಬಾಕ್ಸ್. ಒಳ್ಳೆಯ ವಸ್ತುವೇ. ಆದರೆ ಅದರ ಇನ್ನೊಂದು ಲಿವರ್ ಇರುವುದರಿಂದ ಹೊಸಬರಿಗೆ ಗೇರಿನ ಲೆಕ್ಕ ತಪ್ಪುತ್ತದೆ.

ನೋಡಲು ಹೋದಾಗ ಬಾನೆಟ್, ಸ್ಟಿಕ್ಕರ್, ಬಣ್ಣ ಎಲ್ಲ ಬಿಡಿ. ಸೀಟಿನ ಮೇಲೆ ಕೂತು ಎಡಗಾಲ ಹತ್ತಿರ ನೋಡಿ. ಕ್ಲಚ್ ಜೊತೆ ಇನ್ನೊಂದು ಪೆಡಲ್ ಇದ್ದರೆ ಆ ಗಾಡಿಯ ಹಿಂಭಾಗ 8ಎನ್ ಅಲ್ಲ. ಮುಖ್ಯ ಗೇರ್ ಲಿವರನ್ನು ನೀವೇ ಹಾಕಿ ನೋಡಿ, ಮುಂದಕ್ಕೆ ನಾಲ್ಕು ಬೀಳಬೇಕು. ಹೈಡ್ರಾಲಿಕ್ ಲಿವರ್ ಹತ್ತಿರ ಪೊಸಿಷನ್ ಕಂಟ್ರೋಲಿನ ಚಿಕ್ಕ ಲಿವರ್ ಇದೆಯಾ ನೋಡಿ. ಕಾಲಿಡಲು ಉದ್ದನೆಯ ಹಲಗೆ ಇದೆ ಅಂತ ಮಾತ್ರ ನಂಬಬೇಡಿ, ಅದನ್ನು ಆಮೇಲೆ ಕೂರಿಸಬಹುದು. ವೈರಿಂಗ್ ಬಗ್ಗೆಯೂ ಒಂದು ಮಾತು. ಮೂಲದಲ್ಲಿ ಇವು 6 ವೋಲ್ಟ್, ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಮೈಗೆ. 12ಕ್ಕೆ ಬದಲಿಸಿದ್ದರೆ ಕಿಡಿ ಹುಟ್ಟಿಸುವ ಕಾಯಿಲ್‌ಗೆ ರೆಸಿಸ್ಟರ್ ಹಾಕಿದ್ದಾರಾ, ಇಲ್ಲ 12 ವೋಲ್ಟಿನ ಕಾಯಿಲ್ಲನ್ನೇ ಹಾಕಿದ್ದಾರಾ ಕೇಳಿ, ಎರಡೂ ಇಲ್ಲದಿದ್ದರೆ ಕಾಯಿಲ್ ಸುಡುತ್ತದೆ.

2ಎನ್ ಕೆಟ್ಟ ಗಾಡಿ ಅಂತ ನಾನು ಹೇಳುತ್ತಿಲ್ಲ. ಉಳುಮೆಗೆ, ಟ್ರೇಲರ್ ಎಳೆಯಲು ಅದರ ಬೆಲೆಗೆ ಸಿಕ್ಕರೆ ಧಾರಾಳವಾಗಿ ತಗೊಳ್ಳಿ. ಇಳಿಜಾರಿನಲ್ಲಿ ಹುಲ್ಲು ಕತ್ತರಿಸಲು ಬೇಡ. ದೂರದಿಂದ ಹೋಗುವವರು ಹೊರಡುವ ಮುಂಚೆ ಫೋನಿನಲ್ಲೇ ಎರಡು ಫೋಟೋ ಕೇಳಿ: ಸೀಟಿನಿಂದ ಕೆಳಗೆ ಎರಡೂ ಕಾಲಿನ ಪೆಡಲ್ ಕಾಣುವಂಥದ್ದು ಒಂದು, ಪಿಟಿಓ ಶಾಫ್ಟ್ ತುದಿಯದ್ದು ಒಂದು. ನನ್ನ ಡೀಲರ್ ಈಗ ಹಾಕಿರುವ ಹೊಸ ಜಾಹೀರಾತಿನಲ್ಲಿ ಹನ್ನೆರಡು ಫೋಟೋ ಇವೆ, ಈ ಎರಡು ಇಲ್ಲ.