ಒಂದಂತಸ್ತಿನ ಮನೆಗೆ ಅಗಲದ ಷವರ್ ತರುವ ಮುನ್ನ

ನರಕ ಚತುರ್ದಶಿಯ ನಸುಕಿನಲ್ಲಿ, ತಲೆತುಂಬ ಎಣ್ಣೆ, ಸೀಗೆಪುಡಿ ಹಚ್ಚಿಕೊಂಡಿದ್ದ ಅಮ್ಮ ಬಚ್ಚಲುಮನೆಯಿಂದ ಕೂಗಿದರು: "ನೀರೇ ಬೀಳುತ್ತಿಲ್ಲ ಕಣೋ, ಒಂದು ಬಕೆಟ್ ಬಿಸಿನೀರು ತಂದುಕೊಡು." ಹಾಸನದ ಚಳಿ ಗೊತ್ತಿರುವವರಿಗೆ ಆ ಹೊತ್ತಿನಲ್ಲಿ ಅರ್ಧ ನೆನೆದು ನಿಲ್ಲುವುದೆಂದರೇನು ಎಂದು ಹೇಳಬೇಕಾಗಿಲ್ಲ. ಎಪ್ಪತ್ತು ದಾಟಿದ ಜೀವ. ಇಂದಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಹಬ್ಬಕ್ಕೆಂದೇ ಹಾಕಿಸಿದ್ದ 8 ಇಂಚಿನ ಷವರ್ ಅದು. ಊಟದ ತಟ್ಟೆಯಷ್ಟು ಅಗಲ. ಅಷ್ಟೊಂದು ತೂತುಗಳಲ್ಲಿ ಒಂದು ಬದಿಯವು ಮಾತ್ರ ತೊಟ್ಟಿಕ್ಕುತ್ತಿದ್ದವು. ಉಳಿದ ನೀರು ಅಂಚಿಗೆ ಜಾರಿ, ಅಲ್ಲಿಂದ ನೂಲಿನಂತೆ ಒಂದೇ ಎಳೆಯಾಗಿ ಇಳಿಯುತ್ತಿತ್ತು.

ಅಂಗಡಿಯಲ್ಲಿ ತೋರಿಸಿದಾಗ ಇದೇ ಷವರ್ ಧೋ ಎಂದು ಸುರಿದಿತ್ತು. ಅದರ ಹಿಂದೆ ಪಂಪು ಇತ್ತೆಂದು ಆಮೇಲೆ ತಿಳಿಯಿತು. ನಿಮ್ಮ ಟ್ಯಾಂಕು ಎಷ್ಟು ಎತ್ತರದಲ್ಲಿದೆ ಎಂದು ಅವರು ಒಂದು ಮಾತು ಕೇಳಲಿಲ್ಲ. ಪೆಟ್ಟಿಗೆಯ ಅಡಿಯಲ್ಲಿ ಸಣ್ಣಕ್ಷರದಲ್ಲಿತ್ತು: ಕನಿಷ್ಠ ಒತ್ತಡ 1 ಬಾರ್.

1 ಬಾರ್ ಒತ್ತಡ ಬೇಕಾದರೆ ಟ್ಯಾಂಕಿನ ನೀರು ಷವರಿಗಿಂತ ಸುಮಾರು 10 ಮೀಟರ್ ಮೇಲಿರಬೇಕು, ಅಂದರೆ ಮೂರು ಅಂತಸ್ತಿನಷ್ಟು. ಪ್ಲಂಬರ್ ಟೇಪು ಹಿಡಿದು ಅಳೆದರು. ನಮ್ಮ ತಾರಸಿಯ ಟ್ಯಾಂಕಿನದು ಬರೀ 6 ಅಡಿ, 0.2 ಬಾರ್ ಕೂಡ ಆಗುವುದಿಲ್ಲ. ಟ್ಯಾಂಕು ಸಾವಿರ ಲೀಟರಿನದಾದರೇನು, ಎರಡು ಸಾವಿರದ್ದಾದರೇನು, ಒತ್ತಡ ಕೊಡುವುದು ಎತ್ತರವೇ.

ಒಮ್ಮೆ ಕೂರಿಸಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಪ್ರೆಷರ್ ಪಂಪ್ ಹಾಕಿಸಿ ಎಂದರು ಅಂಗಡಿಯವರು. ದಯವಿಟ್ಟು ಇಲ್ಲಿ ಎಚ್ಚರವಾಗಿರಿ. ನೀರು ಕಾಯಿಸುವ ನಮ್ಮ ಸೋಲಾರ್, ಗಾಳಿ ಕೊಳವೆ ಇರುವ ಸಾಮಾನ್ಯ ಬಗೆಯದು. ಅದರ ಟ್ಯಾಂಕು ಪಂಪಿನ ಒತ್ತಡವನ್ನು ತಾಳುವುದಿಲ್ಲ. ತಣ್ಣೀರಿಗೆ ಮಾತ್ರ ಪಂಪು ಹಾಕಿಸಿದರೆ, ಎರಡೂ ಕೂಡುವ ಕಡೆಯಲ್ಲಿ ತಣ್ಣೀರು ಬಿಸಿನೀರಿನ ಪೈಪಿಗೇ ನುಗ್ಗುತ್ತದೆ. ನಮ್ಮ ಪ್ಲಂಬರ್ ತಡೆಯದಿದ್ದರೆ ಆ ದುಡ್ಡನ್ನೂ ಸುರಿದಿರುತ್ತಿದ್ದೆ.

ಕೊಳ್ಳುವ ಮುನ್ನ ಹೀಗೆ ಮಾಡಿ: ಷವರ್ ಕೂರುವ ಪೈಪಿನ ಬಾಯಿಗೆ 10 ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡಿ. ಬಿಸಿನೀರಿನಲ್ಲೂ ನೋಡಿ. ನಮ್ಮಲ್ಲಿ ಎರಡೂವರೆ ನಿಮಿಷ ಹಿಡಿಯಿತು, ಅಂದರೆ ನಿಮಿಷಕ್ಕೆ 4 ಲೀಟರ್. ಅಗಲದ ಷವರಿಗೆ ಇದರ ಎರಡರಷ್ಟಾದರೂ ಬೇಕು.

ಕೊನೆಗೆ ಗೋಡೆಯೊಳಗೆ ಹುದುಗಿಸಿದ್ದ, ಕಿರಿದಾದ ದಾರಿಯ ವಾಲ್ವನ್ನು ಟೈಲ್ಸ್ ಒಡೆದೇ ತೆಗೆಯಬೇಕಾಯಿತು. ಟ್ಯಾಂಕಿನಿಂದ ಇಳಿಯುವ ಪೈಪನ್ನು 1 ಇಂಚಿನದಕ್ಕೆ ಬದಲಾಯಿಸಿ, ಕಡಿಮೆ ಒತ್ತಡಕ್ಕೆಂದೇ ಮಾಡಿದ 3 ಇಂಚಿನ ಸಾದಾ ಷವರ್ ಹಾಕಿಸಿದೆವು. ಜಡಿಮಳೆಯಂತೆ ಸುರಿಯುವುದಿಲ್ಲ, ನಿಜ. ಆದರೆ ಯುಗಾದಿಯ ಎಣ್ಣೆಸ್ನಾನಕ್ಕೆ ಅಮ್ಮ ಬಕೆಟ್ ಕೇಳಲಿಲ್ಲ.